ಅಕ್ಕನ ಬಾಯಿಯ ಅಚ್ಚು

ಮಾರ್ಚ್ ೩, ಸೋಮವಾರ

ಅಂತೂ ಇಂತೂ ಅರ್ಜಿ ಹೋಯಿತು. ಶುಕ್ರವಾರವೇ ಸಲ್ಲಿಸಿದ್ದಾಗಿದೆ ಎಂದು ವಕೀಲೆ ಇವತ್ತು ಫೋನ್ ಮಾಡಿ ಹೇಳಿದಳು. ನನ್ನ ಹಳೆಯ ಕೆಲಸದ ವೀಸಾ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಹೊಸದರ ತೀರ್ಮಾನ ಆಗುವವರೆಗೆ ಇಲ್ಲಿ ಇರಬಹುದು, ದುಡಿಯಬಹುದು, ಆದರೆ ಈ ದೇಶದ ಗಡಿ ದಾಟುವ ಹಾಗಿಲ್ಲ. ದಾಟಿದರೆ ಅರ್ಜಿಯನ್ನು ನಾನೇ ವಾಪಸ್ ತೆಗೆದುಕೊಂಡ ಹಾಗಂತೆ. ‘ಒಂದೇ ದಿನಕ್ಕೆ ಹೋಗಿ ಬಂದರೂ?’ ಎಂದು ಕೇಳಿದೆ. ‘ಒಂದು ಗಂಟೆಗೆ ಹೋದರೂ,’ ಎಂದಳು. ಎಷ್ಟು ದಿನ ಕಾಯಬೇಕು ಎಂದರೆ ಎರಡು ತಿಂಗಳಾಗಬಹುದು, ಐದೂ ಆಗಬಹುದು ಎಂದಳು. ಮದುವೆ ದಲ್ಲಾಳಿಗಳ ಬಾಯಲ್ಲಿ ಇಂಥ ಮಾತು ಕೇಳಿ ನನಗೆ ಅಭ್ಯಾಸವಿದೆ.

ಈ ಡೈರಿ ಲ್ಯಾಬಿಗೆ ಪ್ಲಾಸ್ಟರ್ ಮಾರುವ ಕಂಪನಿಯವರು ಬಿಟ್ಟಿ ಕೊಟ್ಟಿದ್ದು. ಪ್ರತಿ ಪುಟದ ಅಡಿಯಲ್ಲೂ ಒಂದು ದವಡೆ ಹಲ್ಲು ನಗುತ್ತಾ ನಿಂತಿದೆ. ದಿನವಿಡೀ ಕಟ್ಟು ಹಲ್ಲು ಮಾಡುವವಳಿಗೆ ಮನೆಗೆ ಬಂದ ಮೇಲೂ ಹಲ್ಲಿನದೇ ಮುಖ ನೋಡುವ ಯೋಗ.

ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕನಿಗೆ ಫೋನ್ ಮಾಡಿದೆ. ಹೊಟ್ಟೆ ಸರಿಯಿಲ್ಲವಂತೆ, ‘ಮಾಮೂಲಿ ಕಣೇ, ವಯಸ್ಸಾಯ್ತಲ್ಲ’ ಎಂದಳು. ಐವತ್ತನಾಲ್ಕು ಒಂದು ವಯಸ್ಸೇ? ಅಮ್ಮ ಹೋದಾಗ ನನಗೆ ಆರು, ಅವಳಿಗೆ ಇಪ್ಪತ್ತು. ಅಂದಿನಿಂದ ನನಗೆ ಅಮ್ಮನೂ ಅವಳೇ ಅಪ್ಪನೂ ಅವಳೇ. ಅವಳಿಗೆ ಏನಾದರೂ ಹೆಚ್ಚುಕಮ್ಮಿಯಾದರೆ ಅರ್ಜಿ, ವೀಸಾ, ಲ್ಯಾಬು ಎಲ್ಲವನ್ನೂ ಗಾಳಿಗೆ ತೂರಿ ಮೊದಲ ವಿಮಾನ ಹತ್ತುತ್ತೇನೆ. ಇಷ್ಟು ಬರೆದು ನನಗೆ ನಾನೇ ‘ಬಿಡ್ತು ಅನ್ನು’ ಎಂದುಕೊಂಡೆ.

ಮಾರ್ಚ್ ೯, ಭಾನುವಾರ

ವಿಡಿಯೋದಲ್ಲಿ ಮಾತಾಡುವಾಗ ಅಕ್ಕ ಉದ್ದಕ್ಕೂ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

‘ಏನಕ್ಕಾ, ಯಾರ ಗುಟ್ಟು ಹೇಳ್ತಾ ಇದ್ದೀಯ?’

‘ಸೆಟ್ ನಿಲ್ಲಲ್ಲ ಕಣೇ ಕಡ್ಡಿ. ನಾನೊಂದು ಮಾತಾಡಿದ್ರೆ ಅದೊಂದು ಮಾತಾಡುತ್ತೆ.’

ಕಡ್ಡಿ ನಾನೇ. ಸಣ್ಣಗಿದ್ದೆ ಎಂದು ಇಟ್ಟ ಹೆಸರು. ಈಗ ಸಣ್ಣಗಿಲ್ಲ, ಹೆಸರು ಮಾತ್ರ ಹಾಗೇ ಇದೆ. ಆ ಹಲ್ಲಿನ ಸೆಟ್ ನಾನೇ ಮಾಡಿಕೊಟ್ಟದ್ದು, ಒಂದೂವರೆ ವರ್ಷದ ಹಿಂದೆ ರಜೆಗೆ ಹೋದಾಗ ನಾನೇ ಅವಳ ಬಾಯಿಗೆ ಕೂರಿಸಿ ಬಂದದ್ದು. ನನ್ನ ಕೈಯ ಸೆಟ್ ಇಷ್ಟು ಬೇಗ ಸಡಿಲವಾಗುವುದೆಂದರೆ ನನಗೆ ಅವಮಾನ. ಹೊಸದು ಮಾಡುತ್ತೇನೆ, ನಿಮ್ಮ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಅಚ್ಚು ತೆಗೆಸಿ ಕಳಿಸಿ ಎಂದು ಭಾವನಿಗೆ ಹೇಳಿದೆ. ಭಾವ ಮೂವತ್ತು ವರ್ಷ ಅಂಚೆ ಹಂಚಿದವರು. ಪ್ಯಾಕಿಂಗ್ ವಿಷಯದಲ್ಲಿ ಅವರಿಗೆ ಹೇಳಿಕೊಡುವುದೇನೂ ಇಲ್ಲ.

ಮಾರ್ಚ್ ೨೦, ಗುರುವಾರ

ಅಚ್ಚು ಬಂತು. ಹತ್ತಿ, ಹತ್ತಿಯ ಮೇಲೆ ಪೇಪರು, ಪೇಪರಿನ ಮೇಲೆ ಹಳೆಯ ಟವೆಲ್ಲು. ಕೂಸನ್ನು ಬಿಚ್ಚಿದ ಹಾಗೆ ಬಿಚ್ಚಿದೆ.

ಹದಿನಾರು ವರ್ಷದಿಂದ ನನ್ನದು ಇದೇ ಕೆಲಸ, ಮುಖ ನೋಡದವರ ಬಾಯಿ ನೋಡುವುದು. ಪ್ಲಾಸ್ಟರಿನ ಒಸಡು ಕೈಗೆ ಸಿಕ್ಕರೆ ಸಾಕು, ಈ ಮನುಷ್ಯ ಹಲ್ಲು ಕಡಿಯುತ್ತಾನೆ, ಈಕೆ ಒಂದೇ ಕಡೆ ಅಗಿಯುತ್ತಾಳೆ, ಇವರು ಊಟ ಬಿಟ್ಟಿದ್ದಾರೆ, ಎಲ್ಲಾ ಹೇಳಬಲ್ಲೆ. ಲ್ಯಾಬಿನ ಕಪಾಟಿನಲ್ಲಿ ಅಕ್ಕನ ಹಳೆಯ ಅಚ್ಚು ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದೆ. ಮತ್ತೆ ಅಳೆದೆ. ಪ್ಲಾಸ್ಟರ್ ಸರಿಯಾಗಿ ಕಲಸಿಲ್ಲ ಎಂದು ಆ ಡಾಕ್ಟರನ್ನು ಮನಸ್ಸಿನಲ್ಲೇ ಬೈದೆ. ಪ್ಲಾಸ್ಟರ್ ಚೆನ್ನಾಗಿಯೇ ಇತ್ತು. ದಿಂಡಾಗಿದ್ದ ಒಸಡು ಅಂಚು ಸವೆದ ಸೋಪಿನಂತಾಗಿತ್ತು. ಹೊಟ್ಟೆ ಸರಿಯಿಲ್ಲದ್ದಕ್ಕೆಲ್ಲ ಬಾಯಿ ಹೀಗೆ ಕರಗುವುದಿಲ್ಲ.

ಪಕ್ಕದ ಮೇಜಿನಲ್ಲಿ ಮೇಣದ ಕೆಲಸ ಮಾಡುವ ಮುದುಕ ಇದ್ದಾನೆ, ನನಗೆ ಅವನು ಮೇಣದಜ್ಜ. ಅವನೂ ನನ್ನ ಹಾಗೆ ಬೇರೆ ದೇಶದಿಂದ ಬಂದವನು. ಎರಡೂ ಅಚ್ಚುಗಳನ್ನು ಎತ್ತಿ ನೋಡಿ, ‘ಇದು ಯಾರದ್ದು?’ ಎಂದ. ‘ಒಬ್ಬರದ್ದೇ,’ ಎಂದೆ. ತುಂಬಾ ಮೆಲ್ಲಗೆ ಕೆಳಗಿಟ್ಟು ತನ್ನ ಮೇಜಿಗೆ ಹೋದ.

ಹೊರಗೆ ಸೈಕಲ್ ನಿಲ್ಲಿಸುವ ಜಾಗಕ್ಕೆ ಹೋಗಿ ಭಾವನಿಗೆ ಫೋನ್ ಮಾಡಿದೆ.

‘ಅಕ್ಕ ಹೇಗಿದ್ದಾಳೆ?’

‘ಚೆನ್ನಾಗಿದ್ದಾಳಮ್ಮ. ಬೆಳಗ್ಗೆ ಎರಡು ಇಡ್ಲಿ ತಿಂದ್ಲು.’

‘ಭಾವ, ನಿಮ್ಮ ಬಾಯಿ ಸುಳ್ಳು ಹೇಳುತ್ತೆ. ಅವಳ ಬಾಯಿ ನನ್ನ ಕೈಲಿದೆ.’

ಅವರು ‘ಆ ಕಾಯಿಲೆ’ ಎಂದರು. ಹೆಸರು ಹೇಳಲಿಲ್ಲ. ಈಗಾಗಲೇ ಹರಡಿದೆಯಂತೆ, ಡಾಕ್ಟರು ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದಿದ್ದಾರಂತೆ. ಅಕ್ಕನಿಗೆ ಹೇಳಿಲ್ಲ. ನನಗೆ ಹೇಳಿದರೆ ಓಡಿ ಬಂದುಬಿಡುತ್ತೇನೆ, ಕೆಲಸ ಹೋಗುತ್ತದೆ ಎಂದು ನನಗೂ ಹೇಳಿಲ್ಲ.

ಶೌಚಾಲಯಕ್ಕೆ ಹೋಗಿ ಅತ್ತೆ. ಕೈಯೆಲ್ಲ ಪ್ಲಾಸ್ಟರ್ ಆಗಿದ್ದರಿಂದ ಕಣ್ಣು ಒರೆಸಿಕೊಳ್ಳಲಿಕ್ಕೂ ಆಗಲಿಲ್ಲ.

ಮಾರ್ಚ್ ೨೧, ಶುಕ್ರವಾರ

ವಕೀಲೆ ಒಂದು ದಾರಿ ಹೇಳಿದಳು. ಅರ್ಜಿ ಬಾಕಿಯಿದ್ದರೂ ತುರ್ತು ಪ್ರಯಾಣಕ್ಕೆ ವಿಶೇಷ ಅನುಮತಿ ಕೇಳಬಹುದು. ಅದು ಸಿಕ್ಕರೆ ಹೋಗಿ ಬರಬಹುದು, ಅರ್ಜಿಗೆ ಧಕ್ಕೆಯಿಲ್ಲ. ಆದರೆ ಆಸ್ಪತ್ರೆಯ ಪತ್ರ ಬೇಕು. ರೋಗಿ ಉಳಿಯುವುದಿಲ್ಲ, ದಿನಗಳು ಕಡಿಮೆ ಇವೆ ಎಂದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಭಾವನಿಗೆ ಹೇಳಿದೆ. ಸಮಯ ಉಳಿಯಲಿ ಎಂದು ಪತ್ರವನ್ನು ನೇರ ವಕೀಲೆಗೇ ಕಳಿಸಲು ಹೇಳಿದೆ. ‘ಸ್ಪಷ್ಟವಾಗಿ ಅಂದ್ರೆ ಹೇಗಮ್ಮ?’ ಎಂದು ಎರಡು ಸಲ ಕೇಳಿದರು. ‘ಇದ್ದದ್ದನ್ನ ಇದ್ದ ಹಾಗೆ, ಭಾವ.’

ಮೆಟ್ಟಿಲ ಕೆಳಗಿನಿಂದ ಸೂಟ್‌ಕೇಸ್ ಎತ್ತಿ ತಂದು ಧೂಳು ಒರೆಸಿದೆ. ಮಂಚದ ಪಕ್ಕ ಬಾಯಿ ತೆರೆದುಕೊಂಡೇ ಇದೆ.

ಏಪ್ರಿಲ್ ೩, ಗುರುವಾರ

ಅನುಮತಿ ಇಲ್ಲ.

ಕಾರಣ ಒಂದೇ ಸಾಲು: ರೋಗಿಯು ಚೇತರಿಸಿಕೊಳ್ಳುತ್ತಿರುವುದಾಗಿ ಆಸ್ಪತ್ರೆಯ ಪತ್ರದಲ್ಲೇ ಇದೆ. ಆ ಪತ್ರವನ್ನು ನಾನು ನೋಡಿದ್ದು ಇವತ್ತು, ವೀಸಾ ಕಚೇರಿಯವರು ನೋಡಿದ ಮೇಲೆ. ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ, ಆಹಾರ ಸೇವಿಸುತ್ತಿದ್ದಾರೆ, ಶೀಘ್ರದಲ್ಲೇ ಗುಣಮುಖರಾಗುವ ಭರವಸೆಯಿದೆ. ಕೆಳಗೆ ಡಾಕ್ಟರ ಸಹಿ, ಮೊಹರು. ವಕೀಲೆಯೂ ಓದದೆ ಕಳಿಸಿದ್ದಾಳೆ, ಅವಳಿಗೆ ಬೇರೆ ನೂರು ಅರ್ಜಿ.

ಭಾವನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ.

‘ಇದೇನು ಮದುವೆ ಕಾಗದಾನಾ ಭಾವ, ಚೆಂದ ಚೆಂದ ಬರೆಸೋಕೆ?’

‘ನಾನೇ ಹಾಗೆ ಬರೆದುಕೊಡಿ ಅಂದೆ ಕಣಮ್ಮ. ಅವಳ ಬಗ್ಗೆ ಅಂಥದ್ದನ್ನ ನನ್ನ ಬಾಯಿಂದ ಹೇಗೆ ಕೇಳಲಿ? ಬರೆದದ್ದು ಆಗಿಬಿಟ್ರೆ? ಅದೂ ಅಲ್ದೆ ಅವಳು ಟೈಪಿಂಗ್ ಕಲಿಸಿದವಳು, ಮನೇಲಿ ಯಾವ ಕಾಗದ ಕಂಡ್ರೂ ಓದದೆ ಬಿಡಲ್ಲ.’

‘ನಿಮ್ಮ ಒಳ್ಳೇ ಮಾತಿಂದ ನಾನು ನನ್ನ ಅಕ್ಕನ ಮುಖ ನೋಡೋದು ತಪ್ಪಿತು. ಅದನ್ನ ನೆನಪಿಟ್ಟುಕೊಳ್ಳಿ.’

ಇಟ್ಟುಬಿಟ್ಟೆ. ಅವರ ಸ್ವಭಾವ ಗೊತ್ತಿದ್ದೂ ಈ ಕೆಲಸ ಅವರಿಗೆ ಒಪ್ಪಿಸಿದ್ದು ನನ್ನ ತಪ್ಪು. ಸಾವಿನ ತಂತಿ ಬಂದರೆ ಆ ಮನೆಯವರ ಊಟ ಮುಗಿಯುವವರೆಗೆ ಬೀದಿಯ ತುದಿಯಲ್ಲಿ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದವರು ಅವರು. ಅಕ್ಕ ಇದನ್ನು ಹೇಳಿ ಹೇಳಿ ಹೆಮ್ಮೆಪಡುತ್ತಿದ್ದಳು.

ಸಂಜೆ ಹಸಿವು ಜೋರಾಗಿತ್ತು. ವಾರದಿಂದ ಗಂಟಲಲ್ಲಿ ಇಳಿಯದಿದ್ದ ಅನ್ನ ಇವತ್ತು ತಟ್ಟೆ ತುಂಬಾ ಇಳಿಯಿತು. ಸಿಟ್ಟಿಗೂ ಹೊಟ್ಟೆ ಹಸಿಯುತ್ತದೇನೋ. ಒಳ್ಳೆಯ ನಿದ್ದೆಯೂ ಬರುವ ಹಾಗಿದೆ.

ಏಪ್ರಿಲ್ ೫, ಶನಿವಾರ

ವಕೀಲೆ ಹೇಳುವುದು ಇಷ್ಟು. ಸರಿಯಾದ ಇನ್ನೊಂದು ಪತ್ರ ತರಿಸಿದರೆ ಮತ್ತೆ ಕೇಳಬಹುದು, ಈ ಸಲ ಮೂರೇ ದಿನದಲ್ಲಿ ಉತ್ತರ ಬರುತ್ತದೆ. ಭಾವನನ್ನು ಕೇಳಬೇಕು. ಅಷ್ಟೆಲ್ಲ ಅಂದ ಮೇಲೆ ಇವತ್ತೇ ಕೇಳುವುದು ಚೆನ್ನಾಗಿರುವುದಿಲ್ಲ. ನಾಳೆ ಕೇಳುತ್ತೇನೆ.

ಏಪ್ರಿಲ್ ೬, ಭಾನುವಾರ

ಫೋನ್ ಮಾಡಿದೆ. ಅಕ್ಕ ಪಕ್ಕದಲ್ಲೇ ಮಲಗಿದ್ದಳು. ಅವಳ ಎದುರಿಗೆ ಪತ್ರದ ಮಾತು ಎತ್ತುವುದು ಹೇಗೆ? ಭಾವ ‘ಮತ್ತೆ ಏನಾದರೂ ಬೇಕಿತ್ತಾಮ್ಮ?’ ಎಂದು ಕೇಳಿದರು. ‘ಏನಿಲ್ಲ, ಅಕ್ಕನಿಗೆ ಕೆಳಗಿನ ಸೆಟ್ ಎಲ್ಲಿ ಒತ್ತುತ್ತೆ ಕೇಳಿ’ ಎಂದೆ. ಎಡಗಡೆ ಅಂತೆ.

ಏಪ್ರಿಲ್ ೧೦, ಗುರುವಾರ

ಲ್ಯಾಬಿನ ಕೆಲಸ ಮುಗಿದ ಮೇಲೆ ಒಂದೊಂದು ಗಂಟೆ ಕೂತು ಅಕ್ಕನ ಸೆಟ್ ಮಾಡುತ್ತಿದ್ದೇನೆ. ಲ್ಯಾಬಿನ ಒಡತಿ ಒಪ್ಪಿದ್ದಾಳೆ. ಮೇಲಿನ ಆರು ಹಲ್ಲು ಮೇಣದಲ್ಲಿ ನಿಂತವು. ಅಕ್ಕನ ಸ್ವಂತ ಹಲ್ಲಿನಲ್ಲಿ ಮುಂದೆ ಒಂದು ಸಣ್ಣ ಸಂದು ಇತ್ತು. ಹಳೆಯ ಸೆಟ್ಟಿನಲ್ಲಿ ನಾನು ಅದನ್ನು ಮುಚ್ಚಿಬಿಟ್ಟಿದ್ದೆ, ಅವಳೂ ಕೇಳಿರಲಿಲ್ಲ. ಈ ಸಲ ಸಂದು ಇಟ್ಟೇ ಮಾಡುತ್ತೇನೆ. ಕೂದಲೆಳೆಯಷ್ಟು ಹೆಚ್ಚಾದರೂ ಶೀಟಿ ಹೊಡೆದ ಹಾಗೆ ಮಾತು ಬರುತ್ತದೆ, ಕಡಿಮೆಯಾದರೆ ಕಾಣುವುದೇ ಇಲ್ಲ. ಇಂಥ ಕೆಲಸಕ್ಕೆ ಸಮಯ ಬೇಕು.

ಏಪ್ರಿಲ್ ೧೨, ಶನಿವಾರ

ಮನೆಯೊಡತಿಯನ್ನು ಕೇಳಿ ಕೋಣೆಯ ಗೋಡೆಗೆ ಒಂದು ಶೆಲ್ಫ್ ಹೊಡೆದೆ. ಸೂಟ್‌ಕೇಸ್ ಓಡಾಡಲು ಅಡ್ಡವಾಗುತ್ತಿತ್ತು, ಮೆಟ್ಟಿಲ ಕೆಳಗೆ ವಾಪಸ್ ಇಟ್ಟೆ. ಕೋಣೆ ಈಗ ಎಷ್ಟೋ ಅಗಲವಾಗಿ ಕಾಣುತ್ತದೆ. ಒಂದು ಕಿಟಕಿ, ಒಂದು ಮೇಜು, ನನ್ನದೇ ಒಂದು ಬೀಗದ ಕೈ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಲು ಒಬ್ಬರೂ ಬರುವುದಿಲ್ಲ. ಮೂವತ್ತೆಂಟು ವರ್ಷದವರೆಗೆ ನನ್ನ ಹತ್ತಿರ ಇದು ಇರಲಿಲ್ಲ. ಇದನ್ನು ಅಕ್ಕನಿಗೆ ಬಿಟ್ಟು ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಹುಡುಗಿಗೆ ಸುಣ್ಣ ಕಲಸೋ ಕೆಲಸ ಯಾಕೆ ಎಂದು ನೆಂಟರೆಲ್ಲ ಅಂದಾಗ ‘ಅವಳ ಕೈ, ಅವಳ ಸುಣ್ಣ, ನಿಮಗೇನು’ ಎಂದು ಬಾಯಿ ಮುಚ್ಚಿಸಿ ನನ್ನನ್ನು ಈ ಕೆಲಸ ಕಲಿಯಲು ಸೇರಿಸಿದವಳು ಅವಳು.

ಏಪ್ರಿಲ್ ೧೫, ಮಂಗಳವಾರ

ಪತ್ರ ಬಂತಾ ಎಂದು ವಕೀಲೆ ಕೇಳಿದಳು. ತರಿಸುತ್ತಿದ್ದೇನೆ ಎಂದೆ.

ಸುಳ್ಳೇನಲ್ಲ, ಕೇಳುವವಳೇ ಇದ್ದೇನೆ. ಆದರೆ ಭಾವ ಹೇಳಿದ್ದರಲ್ಲೂ ಅರ್ಥವಿದೆ. ಅಂಥ ಮಾತನ್ನು ಬಾಯಿಬಿಟ್ಟು ಕೇಳುವುದೆಂದರೆ ಕರೆದ ಹಾಗೆ. ಇನ್ನು, ಮತ್ತೆ ಮತ್ತೆ ಅನುಮತಿ ಕೇಳಿದರೆ ಮೂಲ ಅರ್ಜಿಯ ಮೇಲೇ ಅವರ ಕಣ್ಣು ಕೆಂಪಾದರೆ? ವಕೀಲೆ ಹಾಗೇನೂ ಆಗುವುದಿಲ್ಲ ಎನ್ನುತ್ತಾಳೆ, ಅವಳಿಗೇನು ಗೊತ್ತು. ಅಸಲಿ ತೀರ್ಮಾನವೇ ಮುಂದಿನ ವಾರ ಬಂದರೂ ಬಂದೀತು. ಬಂದ ದಿನವೇ ಹೊರಡುತ್ತೇನೆ.

ಏಪ್ರಿಲ್ ೧೮, ಶುಕ್ರವಾರ

ಕೆಳಗಿನ ಎಡ ದವಡೆ ಹಲ್ಲುಗಳನ್ನು ಕಿತ್ತು ಮತ್ತೆ ಕೂರಿಸುತ್ತಿದ್ದೆ. ಮೇಣದಜ್ಜ ಕುರ್ಚಿ ಎಳೆದುಕೊಂಡು ಪಕ್ಕ ಬಂದು ಕೂತ.

‘ಇದು ನಾಲ್ಕನೇ ಸಲ,’ ಎಂದ.

‘ಅಗಿಯುವಾಗ ಒತ್ತಬಾರದಲ್ಲ.’

‘ಈಗ ಅವಳು ಏನು ತಿನ್ನುತ್ತಾಳೆ?’

‘ಗಂಜಿ.’

ಅವನು ತಲೆಯಾಡಿಸಿ, ನನ್ನ ಕೈಯಿಂದ ಮೇಣದ ಚಾಕು ತೆಗೆದುಕೊಂಡು, ದೀಪದ ಬೆಂಕಿಗೆ ಹಿಡಿದು ಒರೆಸಿ ವಾಪಸ್ ಕೊಟ್ಟ. ‘ನನ್ನ ಹೆಂಡತಿ ಹೋದಾಗ ನಾನೂ ಇಲ್ಲೇ ಇದ್ದೆ,’ ಎಂದ. ಅಷ್ಟೇ ಹೇಳಿದ. ಒಬ್ಬೊಬ್ಬರ ಕಥೆ ಒಂದೊಂದು. ಅವನ ಕಾಲದಲ್ಲಿ ನಿಯಮಗಳು ಬೇರೆ ಇದ್ದಿರಬೇಕು.

ಏಪ್ರಿಲ್ ೨೨, ಮಂಗಳವಾರ

ಸೆಟ್ ಕಳಿಸಿದೆ. ಇಷ್ಟು ಚೆನ್ನಾದ ಸೆಟ್ ನಾನು ಇವತ್ತಿನವರೆಗೆ ಮಾಡಿಲ್ಲ, ಒಡತಿಯೂ ಹಾಗೇ ಅಂದಳು. ಫೋಟೋ ತೆಗೆದು ಗೋಡೆಗೆ ಹಾಕುತ್ತಾಳಂತೆ.

ಏಪ್ರಿಲ್ ೨೪, ಗುರುವಾರ

ವಿಶೇಷವೇನೂ ಇಲ್ಲ. ಕೆಲಸ ಬಹಳ.

ಏಪ್ರಿಲ್ ೨೮, ಸೋಮವಾರ

ಸೆಟ್ ತಲುಪಿತು. ಅಕ್ಕ ಹಾಕಿಕೊಂಡು ತೋರಿಸಿದಳು. ಭಾವ ದಿಂಬು ಒತ್ತಿಟ್ಟು ಕೂರಿಸಿದ್ದರು. ಮುಖವೆಲ್ಲ ಒಳಗೆ ಹೋಗಿದೆ, ಮುಖದ ತುಂಬಾ ಹಲ್ಲೇ. ಆದರೂ ಸಂದು ಕಾಣಿಸಿತು. ಕನ್ನಡಿ ತರಿಸಿಕೊಂಡು ನೋಡಿಕೊಂಡಳು.

‘ಅಯ್ಯೋ ಕಡ್ಡಿ, ಇದು ನಾನೇ ಕಣೇ,’ ಎಂದಳು. ಬಾಯಿಗೆ ಕೈ ಅಡ್ಡ ಇರಲಿಲ್ಲ. ‘ಒತ್ತಲ್ಲ, ಅಲುಗಲ್ಲ. ನಿನ್ನ ಕೈಗೆ ಚಿನ್ನದ ಬಳೆ ಹಾಕಬೇಕು.’

ಆಮೇಲೆ ಅವಳೇ ಕೇಳಿದಳು, ‘ನಿನ್ನ ಆಫೀಸಿನೋರು ಏನಂತಾರೆ? ಬರೋಕೆ ಬಿಡ್ತಾರಂತಾ?’

‘ಅದೇ ಅಕ್ಕ, ಇಲ್ಲ ಅಂದ್ಬಿಟ್ರಲ್ಲ. ಇನ್ನೇನೂ ಮಾಡೋ ಹಾಗಿಲ್ಲ. ಅರ್ಜಿ ಪಾಸಾಗೋವರೆಗೆ ಕಾಯ್ಬೇಕು.’

‘ಏನೂ ಮಾಡೋ ಹಾಗಿಲ್ವಾ?’

‘ಇಲ್ಲಕ್ಕ.’

ಅಕ್ಕ ಭಾವನ ಕಡೆ ನೋಡಿದಳು. ಮತ್ತೆ ನನ್ನ ಕಡೆ ತಿರುಗಿ, ‘ಹೋಗ್ಲಿ ಬಿಡು, ನೀನು ಕೆಲಸ ನೋಡ್ಕೋ. ಊಟ ಸರಿಯಾಗಿ ಮಾಡು’ ಎಂದಳು. ಸುಸ್ತಾಗುತ್ತದೆ ಎಂದು ಸೆಟ್ ತೆಗೆದು ಭಾವನ ಕೈಗೆ ಕೊಟ್ಟಳು.

ಅಪ್ಪಟ ಸುಳ್ಳು ಹೇಳಿದೆನೇ? ಅವಳ ಕಾಯಿಲೆ ಅವಳಿಗೆ ಗೊತ್ತಿಲ್ಲದಿರುವಾಗ ಎರಡನೇ ಪತ್ರದ ಮಾತು ಹೇಗೆ ಹೇಳಲಿ? ನಾಳೆ ಭಾವ ಒಬ್ಬರೇ ಇದ್ದಾಗ ಕೇಳುತ್ತೇನೆ. ಖಂಡಿತ.

ಮೇ ೨, ಶುಕ್ರವಾರ

ಅಕ್ಕ ಇಲ್ಲ. ಬೆಳಗ್ಗೆ ಹತ್ತಕ್ಕೆ ಭಾವನ ಫೋನ್ ಬಂತು. ಮೊದಲು ‘ತಿಂಡಿ ಆಯ್ತಾಮ್ಮ?’ ಎಂದು ಕೇಳಿದರು. ಆಯ್ತು ಭಾವ ಎಂದೆ. ಆಮೇಲೆ ಹೇಳಿದರು.

ಮೇ ೩, ಶನಿವಾರ

ಅಲ್ಲಿಯ ಪಕ್ಕದ ಮನೆಯವರು ಫೋನ್ ಹಿಡಿದು ಅಕ್ಕನನ್ನು ತೋರಿಸಿದರು. ಯಾರದೋ ಹೆಗಲು ಅಡ್ಡ ಬರುತ್ತಿತ್ತು. ಸ್ವಲ್ಪ ಸರಿಯಿರಿ ಎಂದು ಇಲ್ಲಿಂದ ಕೂಗಿದೆ. ಅಲ್ಲಿ ಯಾರಿಗೂ ಕೇಳಿಸಲಿಲ್ಲ.

ಮೇ ೧೩, ಮಂಗಳವಾರ

ವೀಸಾ ಬಂತು. ನಾಲ್ಕು ವರ್ಷಕ್ಕೆ. ಒಡತಿ ಎಲ್ಲರನ್ನೂ ಕರೆದು ಹೇಳಿದಳು, ಕೈ ಕುಲುಕಿದರು. ‘ಇನ್ನು ನೀನು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು’ ಎಂದು ವಕೀಲೆ ಬರೆದಿದ್ದಾಳೆ. ಮೇಣದಜ್ಜ ಮಾತ್ರ ಎದ್ದು ಬರಲಿಲ್ಲ. ಸಂಜೆ ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಹೋದ.

ಹನ್ನೊಂದು ದಿನ. ಹನ್ನೊಂದೇ ದಿನ ಮೊದಲು ಬಂದಿದ್ದರೆ ಈ ಕಚೇರಿಯವರಿಗೆ ಏನು ಗಂಟು ಹೋಗುತ್ತಿತ್ತು? ಮೊದಲಿನ ಆ ಪತ್ರವೊಂದು ನೆಟ್ಟಗಿದ್ದಿದ್ದರೆ ಹೀಗಾಗುತ್ತಲೇ ಇರಲಿಲ್ಲ. ಭಾವನ ಮೇಲಿನ ಸಿಟ್ಟು ಇಳಿದಿಲ್ಲ. ಮುದುಕರ ಮೇಲೆ ಏನು ಸಿಟ್ಟು ಎಂದುಕೊಂಡರೂ ಇಳಿಯುತ್ತಿಲ್ಲ.

ಮೇ ೧೮, ಭಾನುವಾರ

ಭಾವನೇ ಫೋನ್ ಮಾಡಿದರು. ಕಾರ್ಯವೆಲ್ಲ ಮುಗಿಯಿತಂತೆ. ನನ್ನ ವೀಸಾ ಏನಾಯಿತು ಎಂದು ಕೇಳಿದರು. ಬಂತು ಎಂದೆ.

‘ಒಳ್ಳೇದಾಯ್ತಮ್ಮ. ಅವಳಿಗೆ ಅದೊಂದೇ ಚಿಂತೆಯಾಗಿತ್ತು.’ ಕಾಗದ ಸರಿಸುವ ಸದ್ದು ಕೇಳಿಸಿತು. ‘ಬೀರು ಖಾಲಿ ಮಾಡ್ತಾ ಇದ್ದೆ. ಆ ಡಾಕ್ಟರ ಪತ್ರ ಇಲ್ಲೇ ಇದೆ. ನಿನ್ನ ಆಫೀಸಿಗೆ ಇನ್ನು ಬೇಕಾಗಲ್ಲ ಅಲ್ವಾ? ಹರಿದು ಹಾಕಲಾ?’

‘ಯಾವ ಪತ್ರ?’

‘ಎರಡನೇದು. ನೀನು ಬೈದ ಮಾರನೇ ದಿನಾನೇ ಹೋಗಿ ಬರೆಸಿದ್ದೆ. ಇದ್ದದ್ದನ್ನ ಇದ್ದ ಹಾಗೆ.’

ಮಾರನೇ ದಿನ ಎಂದರೆ ಏಪ್ರಿಲ್ ನಾಲ್ಕು. ನಾನು ಮಂಚದ ಮೇಲೆ ಕೂತೆ.

‘ಯಾಕೆ ಕಳಿಸಲಿಲ್ಲ ಭಾವ?’

‘ನೀನು ಕೇಳ್ತೀಯ ಅಂತ ಕಾಯ್ತಾ ಇದ್ದೆ.’ ಅವರ ದನಿಯಲ್ಲಿ ಆಕ್ಷೇಪ ಎಳ್ಳಷ್ಟೂ ಇರಲಿಲ್ಲ. ‘ಫೋನ್ ಬಂದಾಗಲೆಲ್ಲ ಜೇಬಿನಲ್ಲೇ ಇಟ್ಕೊಂಡಿರ್ತಿದ್ದೆ. ನಾನಾಗೇ ಕಳಿಸಿದ್ರೆ ಎಲ್ಲಾ ಬಿಟ್ಟು ಬಾ ಅಂತ ನಿನ್ನ ಮೇಲೆ ಹೇರಿದ ಹಾಗಲ್ವಾ? ಅವಳೂ ಬೇಡ ಅಂದ್ಲು.’

‘ಅಕ್ಕನಿಗೆ ಗೊತ್ತಿತ್ತಾ?’

‘ಅವಳಿಂದ ಕಾಗದ ಮುಚ್ಚಿಡೋಕಾಗುತ್ತಾ? ತಂದ ದಿನಾನೇ ಕಸಿದುಕೊಂಡು ಪೂರ್ತಿ ಓದಿದ್ಲು. ಒಂದು ಕಡೆ ಕಾಮಾ ಬಿಟ್ಟಿದ್ದಾರೆ ಅಂತ ಪೆನ್ನಿಂದ ಹಾಕಿದ್ಲು. ಆಮೇಲೆ, ಕಡ್ಡಿ ಕೇಳಿದ್ರೆ ಮಾತ್ರ ಕಳಿಸಿ, ಕೇಳದೆ ಕಳಿಸಬೇಡಿ, ಅವಳಿಗೆ ಅಲ್ಲಿ ಏನು ಕಷ್ಟ ಇದೆಯೋ ಅಂದ್ಲು. ದಿನಾ ಸಂಜೆ ಕೇಳೋಳು. ಕಡ್ಡಿ ಪತ್ರ ಕೇಳಿದ್ಲಾ ಅಂತ’ ಎಂದರು.

ವಕೀಲೆ ಬೇಡ ಅಂದಿದ್ದಳು ಎನ್ನಬಹುದಿತ್ತು. ಭಾವ ನಂಬುತ್ತಿದ್ದರು, ಅವರು ಯಾರು ಏನು ಹೇಳಿದರೂ ನಂಬುತ್ತಾರೆ.

‘ಮತ್ತೆ ಹರಿದು ಹಾಕಲಾಮ್ಮ?’

‘ಬೇಡ ಭಾವ. ಕಳಿಸಿ.’

‘ಈಗ ಯಾಕಮ್ಮ ಅದು?’

‘ಕೇಳ್ತಾ ಇದ್ದೀನಿ ಭಾವ. ಕಳಿಸಿ.’

ಆಗಲಿ ಎಂದರು. ನಾಳೆ ಬೆಳಗ್ಗೆಯ ಮೊದಲ ಅಂಚೆಗೇ ಹಾಕುತ್ತಾರಂತೆ.